ಕಾರ್ಡು ಹಿಡಿದ ಅಂಪೈರ್ ಸಾಹೇಬರಿಗೊಂದು ದೂರು

ಮಾನ್ಯರೇ,

ಕಬಡ್ಡಿಯನ್ನು ಕೆಡಿಸಿದವರು ತಾವೇ ಎಂದು ನಮ್ಮೂರ ಅರಳಿಕಟ್ಟೆ ತೀರ್ಮಾನಿಸಿದೆ. ತಮ್ಮ ಮೇಲೆ ದ್ವೇಷವಿಲ್ಲ, ತಮ್ಮ ಜೇಬಿನಲ್ಲಿರುವ ಮೂರು ಕಾರ್ಡುಗಳ ಮೇಲಿದೆ. ಹಸಿರು ತೋರಿಸಿದರೆ ಎಚ್ಚರಿಕೆ, ಹಳದಿಗೆ ಎರಡು ನಿಮಿಷ ಹೊರಗೆ, ಕೆಂಪಿಗೆ ಪಂದ್ಯವೇ ಮುಗಿಯಿತು. ಇದೇನು ಗಂಡಸರ ಆಟವೋ, ಟ್ರಾಫಿಕ್ ಸಿಗ್ನಲ್ಲೋ?

ನಮ್ಮ ಕಾಲದ ಹೊನಲು ಬೆಳಕಿನ ಪಂದ್ಯಗಳನ್ನು ತಾವು ನೋಡಬೇಕಿತ್ತು. ರೈಡರ್‌ನ ಬಾಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಆಮೇಲೆ ‘ಉಸಿರು ಬಿಟ್ಟ, ಔಟ್ ಕೊಡಿ’ ಎಂದು ನ್ಯಾಯ ಕೇಳುವಷ್ಟು ಧರ್ಮಿಷ್ಠರು ನಮ್ಮ ಕ್ಯಾಚರ್‌ಗಳು. ರೈಡರ್ ಏನು ಕಡಿಮೆಯೇ? ಮೈಗೆ ಎಣ್ಣೆ ಸವರಿಕೊಂಡು, ಉಗುರು ಬೆಳೆಸಿಕೊಂಡೇ ಬರುತ್ತಿದ್ದ. ಈಗ ನಿಯಮದ ಪುಸ್ತಕ ಎಣ್ಣೆಯನ್ನೂ ಬಿಡುವುದಿಲ್ಲ, ಉಗುರನ್ನೂ ಬಿಡುವುದಿಲ್ಲ; ಕಾಲಿನಿಂದ ಕತ್ತರಿ ಹಾಕಿದರೂ ಫೌಲು. ಆಗಿನ ಅಂಪೈರು ತೀರ್ಪು ಕೊಡುವ ಮುಂಚೆ ತನ್ನ ಬೈಕು ಯಾವ ಕಡೆ ಮುಖ ಮಾಡಿ ನಿಂತಿದೆ ಎಂದು ನೋಡಿಕೊಳ್ಳುತ್ತಿದ್ದ. ಆ ವಿನಯ ತಮ್ಮಲ್ಲಿ ಕಾಣೆ.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ನೋಡಿ ನಾವಂತೂ ತಲೆ ತಗ್ಗಿಸಿದೆವು. ಭಾರತ, ಇರಾನ್ 28–28. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಕಣದ ಅಂಚಿನ ಲಾಬಿಗೆ ಕಾಲಿಟ್ಟರು, ಬೆನ್ನಟ್ಟಿದ ಇರಾನಿನವರೂ ಇಟ್ಟರು. ಪಾಯಿಂಟು ಯಾರಿಗೆ, ಹಳೇ ನಿಯಮವೋ ಹೊಸದೋ ಎಂದು ಸುಮಾರು ಒಂದು ಗಂಟೆ ಆಟ ನಿಂತಿತು. ಒಂದು ಗಂಟೆ, ಸ್ವಾಮಿ! ಅಷ್ಟರಲ್ಲಿ ನಾವು ಪೆಂಡಾಲಿನ ಗಳ ಕಿತ್ತು, ಬಳಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ವಾಪಸು ಬಂದಿರುತ್ತಿದ್ದೆವು. ಅವರೋ, ಮ್ಯಾಟ್ ಮೇಲೆ ಕೂತು ಪ್ರತಿಭಟಿಸಿದರು. ಕೊನೆಗೆ ಭಾರತ 33–29ರಿಂದ ಗೆದ್ದಿತಂತೆ. ಒಂದು ಹಲ್ಲೂ ಉದುರದ ಗೆಲುವು.

ಟೀವಿಯವರು ಮಾತ್ರ ನಮ್ಮ ಸಂಕಟ ಬಲ್ಲವರು. ‘ಲೇ ಪಂಗಾ’ ಎಂದು ಹಾಡು ಕಟ್ಟಿ ಜಗಳಕ್ಕೆ ಕರೆಯುತ್ತಾರೆ. ನಂಬಿ ಹೋದ ಹುಡುಗನಿಗೆ ತಾವು ಕಾರ್ಡು ತೋರಿಸುತ್ತೀರಿ. ಒಂದು ಡ್ಯಾಶ್ ಬಿದ್ದರೆ ಸಾಕು, ಪಕ್ಕೆಲುಬು ಅದುರುವುದು ಕಾಣುವ ಹಾಗೆ ನಿಧಾನವಾಗಿ, ಮತ್ತೆ ಮತ್ತೆ ತೋರಿಸಿ, ನಡುವೆ ಜಾಹೀರಾತು ಹಾಕುತ್ತಾರೆ. ಅದನ್ನು ನಾವು ಮಕ್ಕಳನ್ನು ಕೂರಿಸಿಕೊಂಡು, ಚುರುಮುರಿ ತಿನ್ನುತ್ತಾ ನೋಡುತ್ತೇವೆ. ಹಿಂಸೆ ಎಂದು ಯಾರೂ ಅನ್ನುವುದಿಲ್ಲ. ನಮ್ಮ ಹೊಡೆದಾಟಕ್ಕೆ ಪ್ರಾಯೋಜಕರು ಸಿಕ್ಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಮೂರೂ ಕಾರ್ಡುಗಳನ್ನು ಈ ಕೂಡಲೇ ರದ್ದು ಮಾಡಬೇಕಾಗಿ ವಿನಂತಿ.

ಇಂತಿ,
ಅಂಕಣದ ಗೆರೆ ಪಕ್ಕದ ಪ್ರೇಕ್ಷಕ

ವಿ.ಸೂ.: ಬರುವ ವಾರ ತಾಲ್ಲೂಕು ಪಂದ್ಯದಲ್ಲಿ ನನ್ನ ಮಗ ಮೊದಲ ಸಲ ರೈಡ್ ಮಾಡುತ್ತಿದ್ದಾನೆ. ಎದುರು ತಂಡದ ಕಾರ್ನರ್ ಹುಡುಗ ಭಾರಿ ಆಸಾಮಿ, ಹಿಡಿತ ಬಲು ಒರಟು. ಅವತ್ತಿಗೆ ತಾವೇ ಬರಬೇಕು. ಕಾರ್ಡುಗಳನ್ನು ಮರೆಯಬೇಡಿ.