ಶನಿವಾರದ ರೈತರು

ಶನಿವಾರ ಬೆಳಗ್ಗೆ ದೇವನಹಳ್ಳಿ ದಾಟಿ ನಮ್ಮ ಕಡೆ ಬರುವ ಕಾರುಗಳಲ್ಲಿ ಎರಡು ಪಂಗಡ. ಒಂದು ನಂದಿ ಬೆಟ್ಟಕ್ಕೋ ಆದಿಯೋಗಿಗೋ ಹೋಗುವವರದು. ಫೋಟೊ ತೆಗೆದುಕೊಂಡು ಸಂಜೆಗೆ ಮನೆ ಸೇರುತ್ತಾರೆ, ಖರ್ಚು ಪೆಟ್ರೋಲಿನದಷ್ಟೆ. ಇನ್ನೊಂದು ಪಂಗಡದವರ ಡಿಕ್ಕಿಯಲ್ಲಿ ಡ್ರಿಪ್ ಪೈಪಿನ ಸುರುಳಿ, ಬೇವಿನಹಿಂಡಿ ಮೂಟೆ, ಗಮ್‌ಬೂಟು. ಹಿಂದಿನ ಸೀಟಿನಲ್ಲಿ ಏಸಿಗೆ ಮುಖವೊಡ್ಡಿದ ಲ್ಯಾಬ್ರಡಾರ್. ಇವರೇ ನಮ್ಮ ಶನಿವಾರದ ರೈತರು.

ಉದ್ಯೋಗ ಸಾಫ್ಟ್‌ವೇರು, ಫ್ಲ್ಯಾಟು ಹೆಬ್ಬಾಳದ ಆಚೆ, ಜಮೀನು ಗೌರಿಬಿದನೂರಿನ ಕಡೆ ಒಂದೂವರೆ ಎಕರೆ. ನಂದಿ ತಪ್ಪಲಲ್ಲೇ ಕೊಳ್ಳಬೇಕೆಂದಿದ್ದರು, ರೇಟು ಕೇಳಿ ಕಾರನ್ನು ಇನ್ನಷ್ಟು ಮುಂದಕ್ಕೆ ಓಡಿಸಿದರು. ಇಂಥವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದ ಮೇಲೆ ಇವರ ಸಂತತಿ ಜಿಲ್ಲೆಯಲ್ಲಿ ಹುಲುಸಾಗಿದೆ. ಬೇರೆ ಯಾವ ಬೆಳೆಯೂ ಇಷ್ಟು ಚೆನ್ನಾಗಿ ಬಂದದ್ದು ನಾನು ಕಾಣೆ.

“ಹವ್ಯಾಸಾನೂ ಆಯ್ತು, ಕೈಗೆ ನಾಲ್ಕು ಕಾಸೂ ಆಯ್ತು” ಎಂದು ಹೆಂಡತಿಯನ್ನು ಒಪ್ಪಿಸಿದ್ದರು. ಸಾಕ್ಷಿಗೆ ಎಕ್ಸೆಲ್ ಹಾಳೆಯಿದೆ. ಅದರಲ್ಲಿ ಮಳೆ ಜೂನ್ ಒಂದಕ್ಕೇ ಹಾಜರು, ಕೂಲಿಯಾಳು ಕರೆದ ದಿನ ಬರುತ್ತಾರೆ, ಬೋರಿಗೆ ಒಂದೇ ಸಾಲು. ಜಮೀನಿನಲ್ಲಿ ಮಾತ್ರ ಮೊದಲ ಬೋರು ಸಾವಿರದ ಇನ್ನೂರು ಅಡಿಗೂ ಧೂಳನ್ನೇ ಎಬ್ಬಿಸಿತು. ಎರಡನೆಯದಕ್ಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟು ತೋರಿಸುವವರನ್ನು ಕರೆಸಿದರು. ಕಾಯಿ ಎದ್ದು ನಿಂತಿತು, ನೀರು ಏಳಲಿಲ್ಲ. ಮೂರನೆಯದರಲ್ಲಿ ಒಂದಿಂಚು ಸಿಕ್ಕಿದೆ, ಯುಗಾದಿಯವರೆಗೆ. ಕಾವಲಿಗಿರುವ ದಂಪತಿ ಆಂಧ್ರದ ಗಡಿಯವರು. “ನೀಳ್ಳು ಲೇವು ಸಾರ್” (ನೀರಿಲ್ಲ ಸಾರ್) ಎಂಬುದು ಅವರಿಂದ ಇವರು ಕಲಿತ ಮೊದಲ ತೆಲುಗು ವಾಕ್ಯ. ಎರಡನೆಯದು “ಡಬ್ಬುಲು ಪಂಪಂಡಿ” (ದುಡ್ಡು ಕಳಿಸಿ).

2023ರ ಜುಲೈನಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದ್ದನ್ನು ಟಿವಿಯಲ್ಲಿ ನೋಡಿದವರು ಮರು ವಾರವೇ ನಾಟಿ ಮಾಡಿಸಿದರು. ಟಿವಿ ಉಳಿದವರ ಮನೆಯಲ್ಲೂ ಇತ್ತು. ಹಣ್ಣು ಚಿಂತಾಮಣಿ ಮಂಡಿ ಸೇರುವ ಹೊತ್ತಿಗೆ ಕೇಳುವವರಿರಲಿಲ್ಲ. ಕೀಳಿಸಿದ ಕೂಲಿ, ಆಟೊ ಬಾಡಿಗೆ, ಹಮಾಲಿ, ಕಮಿಷನ್ ಎಲ್ಲ ಕಳೆದು ಕೈಗೆ ಬಂದ ಚೀಟಿಯನ್ನು ಮಗುಚಿ ನೋಡಿದರು, ಹಿಂದುಗಡೆ ಇನ್ನೇನಾದರೂ ಬರೆದಿರಬಹುದೆಂದು.

ಆಮೇಲೆ ಯಾರೋ ರೇಷ್ಮೆ ಎಂದರು. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಹುಳು ಸಾಕುವ ಮನೆ ನೋಡಲು ಹೋದರೆ ಮನೆಯಾಕೆ ಬಾಗಿಲಿಗೇ ಅಡ್ಡ ನಿಂತಳು.

“ಸೆಂಟು ಹಾಕ್ಕಂಡಿದ್ದೀರಾ ಸಾರ್? ಸೊಳ್ಳೆ ಔಷಧಿ ಬೇರೆ ಬಳ್ಕಂಡಂಗಿದೆ. ಒಳಕ್ಕೆ ಬರ್ಬೇಡಿ, ಹುಳ ಸತ್ತೋಯ್ತವೆ.”

ಇವರು ಹೊಸಿಲಾಚೆಯಿಂದಲೇ ಇಣುಕಿದರು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುಗಳು. ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ. ಗೂಡು ಕಟ್ಟುವವರೆಗೆ ವಾರಕಾಲ ಹಗಲು ರಾತ್ರಿ ಇದೇ ಮೇವು ಎಂದಳು.

“ಶನಿವಾರ ಬಂದು ಒಟ್ಟಿಗೆ ಹಾಕಿದ್ರೆ ಆಗಲ್ವೇನಮ್ಮಾ?”

“ಬಾಡಿದ್ ಸೊಪ್ಪು ಮುಟ್ಟಲ್ಲ ಸಾರ್. ನೀವು ವಾರದೂಟಾನೆಲ್ಲ ಸೋಮಾರನೇ ಉಂಡ್ಕಂಡು ಆಫೀಸ್‌ಗೋಗ್ತೀರಾ?”

ಆಕೆಯದು ಅರ್ಧ ಎಕರೆ ಹಿಪ್ಪುನೇರಳೆ, ಎರಡು ಸೀಮೆಹಸು. ಗೂಡು ಮಾರ್ಕೆಟ್ಟಿಗೆ, ಹಾಲು ಡೇರಿಗೆ. ಇವರ ಎಕ್ಸೆಲ್ಲಿನಲ್ಲಿರುವ ಪೂರಕ ಆದಾಯ ಬಟವಾಡೆಯಾಗುವುದು ಆ ಮನೆಯಲ್ಲಿ. ಆದರೆ ಆಕೆ ಏಳುವ ಹೊತ್ತಿಗೆ ಇವರು ಮಲಗಿರುತ್ತಾರೆ, ಅಷ್ಟೇ ವ್ಯತ್ಯಾಸ.

ಇವರಿಗೆ ಉಳಿದ ಹೆಮ್ಮೆ ಒಂದೇ: ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಐದು ಸಾವಿರ ಮೀರಿದರೆ ಉಳಿದ ಆದಾಯದ ತೆರಿಗೆ ದರ ಲೆಕ್ಕ ಹಾಕುವಾಗ ಅದನ್ನೂ ಸೇರಿಸುತ್ತಾರಂತೆ ಎಂದು ಆಡಿಟರನ್ನು ಕಳವಳದಿಂದ ಕೇಳಿದರು. ಆಡಿಟರು ಕನ್ನಡಕ ತೆಗೆದಿಟ್ಟು, “ನಿಮಗೆ ಆ ಭಯ ಬೇಡ” ಎಂದರಂತೆ.

ಹಾಗೆಂದು ಬರಿಗೈಯಲ್ಲಿ ಅಪಾರ್ಟ್‌ಮೆಂಟಿಗೆ ಮರಳಲಾದೀತೇ? “ನಮ್ಮ ತೋಟದ ಅವರೆಕಾಯಿ, ಔಷಧಿ ಹೊಡೆದಿಲ್ಲ” ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಶುಕ್ರವಾರವೇ ಸಾರಿಯಾಗಿತ್ತು. ಭಾನುವಾರ ಸಂಜೆ ಪಕ್ಕದ ಹೊಲದ ಅಜ್ಜಿಯ ಮುಂದೆ ನಿಂತರು. ಅಜ್ಜಿ ಸೊಗಡಿನ ಕಾಯಿ ಎರಡು ಮೂಟೆ ತೂಗಿ, ಮಂಡಿಗಿಂತ ಕೆಜಿಗೆ ಹತ್ತು ರೂಪಾಯಿ ಹೆಚ್ಚಿಗೆ ಹೇಳಿದಳು. ಇವರು ಚೌಕಾಸಿ ಮಾಡದೆ ಎಣಿಸಿ ಕೊಟ್ಟರು. ಆಟೊ ಬಾಡಿಗೆಯಿಲ್ಲ, ಕಮಿಷನ್ನಿಲ್ಲ. ದುಡ್ಡನ್ನು ಎಲೆಯಡಿಕೆ ಚೀಲಕ್ಕೆ ಸೇರಿಸುತ್ತ ಅಜ್ಜಿ ಹೇಳಿದಳು:

“ನೀನೇನೂ ಬೆಳೀಬ್ಯಾಡ ಕಣಪ್ಪ. ವಾರ ವಾರ ಕಾರ್ ತಕ್ಕಂಡು ಬಾ, ಸಾಕು.”