ಐದನೆಯ ಪ್ಲೇಟಿನ ತತ್ತ್ವವಿಚಾರ: ಸಾಹಿಬಾಬಾದ್ ಸಂಪ್ರದಾಯಕ್ಕೊಂದು ಪ್ರವೇಶಿಕೆ

ಮಂಗಳಶ್ಲೋಕವನ್ನು ಬಿಳಿ ಅಕ್ಷರದಲ್ಲಿ ಓವರ್‌ಪ್ರಿಂಟ್ ಕೊಟ್ಟಿದ್ದರಿಂದ ಅಚ್ಚಾಗಿಲ್ಲ. ಇದೆಯೆಂದೇ ಭಾವಿಸಿ ಓದುಗರು ಮುಂದಕ್ಕೆ ಹೋಗತಕ್ಕದ್ದು.

ಸಕಲ ವರ್ಣಪ್ರಪಂಚವೂ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಲೀಲೆ ಎಂಬುದು ಅದ್ವೈತಿಗಳ ಪಕ್ಷ. ಅಲ್ಲ, ಕೆಲವು ಬಣ್ಣ ಸ್ವತಂತ್ರ, ಅವೇ ಸ್ಪಾಟ್ ಕಲರ್. ಅವಕ್ಕೆ ಬೇರೆ ಡಬ್ಬ, ಬೇರೆ ಪ್ಲೇಟು, ಬೇರೆ ಬಿಲ್ಲು ಎಂಬುದು ದ್ವೈತಿಗಳ ಪಕ್ಷ. ಈ ಎರಡನೆಯ ಮತವನ್ನು 1963ರಲ್ಲಿ ಅಮೆರಿಕದ ಲಾರೆನ್ಸ್ ಹರ್ಬರ್ಟ್ ಪ್ಯಾಂಟೋನ್ ಪದ್ಧತಿಯಿಂದ ಶಾಸ್ತ್ರಬದ್ಧಗೊಳಿಸಿದ: ಪ್ರತಿ ಬಣ್ಣಕ್ಕೊಂದು ಹೆಸರು ಅಥವಾ ನಂಬರು, ಅದಕ್ಕೆ ತಕ್ಕ ಶಾಯಿ ಬೆರೆಸುವ ಪ್ರಮಾಣ. ಘಾಜಿಯಾಬಾದಿನ ಸಾಹಿಬಾಬಾದ್ ಸೈಟ್ 4ರ ಪ್ರೆಸ್ಸುಗಳಲ್ಲಿ ಎರಡು ಮತಗಳೂ ಒಂದೇ ಮಷೀನಿನ ಮೇಲೆ ಬಾಳುತ್ತವೆ. ಗ್ರಾಹಕ ಮಾತ್ರ ಫೈಲು ಕೊಡುವಾಗ ದ್ವೈತಿ, ದುಡ್ಡು ಕೊಡುವಾಗ ಅದ್ವೈತಿ.

ಈಗ ಉದಾಹರಣೆ. ಇಂದಿರಾಪುರದ ಕನ್ನಡಿಗರೊಬ್ಬರು ರಾಜ್ಯೋತ್ಸವದ ಆಹ್ವಾನಪತ್ರಿಕೆ ಕಳಿಸುತ್ತಾರೆ. ಮ. ರಾಮಮೂರ್ತಿಯವರು ರೂಪಿಸಿದ ಬಾವುಟದ ಅರಿಸಿನ, ಕುಂಕುಮ, ಅದರ ಮೇಲೆ ಕಪ್ಪು ಅಕ್ಷರ. ಮೂರು ಪ್ಲೇಟಿನ ಕೆಲಸ. ಬಣ್ಣಕ್ಕೊಂದು ಪ್ಲೇಟು ಬೇರ್ಪಡಿಸಿ ತೋರಿಸುವ ಸೆಪರೇಶನ್ ತೆರೆದು ನೋಡಿದರೆ ಏಳು! ಅರಿಸಿನ, ಕಪ್ಪು ಬಿಟ್ಟರೆ ಉಳಿದವು: ಪ್ಯಾಂಟೋನ್ 185 ಸಿ, ಪ್ಯಾಂಟೋನ್ 185 ಯು, ಪ್ಯಾಂಟೋನ್ 185 ಸಿವಿಸಿ, ‘ಕುಂಕುಮ’, ‘ಕುಂಕುಮ ಫೈನಲ್ 2’. ಆಪರೇಟರು ಫೋನ್ ಮಾಡುತ್ತಾನೆ.

“ಸಾರ್, ನಿಮ್ಮ ಫೈಲಲ್ಲಿ ಐದು ಕೆಂಪು ಇವೆ.”

“ಕೆಂಪು ಒಂದೇ ಅಲ್ವೇನ್ರೀ? ನೀವು ಬಾವುಟ ನೋಡಿಲ್ವಾ?”

“ನಾನು ನೋಡಿದೀನಿ ಸಾರ್. ಮಷೀನು ನೋಡಿಲ್ಲ.”

ಇಲ್ಲಿದೆ ಸಿದ್ಧಾಂತದ ತಿರುಳು. ಕಂಪ್ಯೂಟರಿಗೆ ಸ್ಪಾಟ್ ಕಲರ್ ಎಂದರೆ ಬಣ್ಣವಲ್ಲ, ಬರೀ ಹೆಸರು. ಹೆಸರಿನ ನಡುವೆ ಒಂದು ಸ್ಪೇಸ್ ಹೆಚ್ಚಾದರೂ ಅದು ಬೇರೆ ಜೀವ, ಅದಕ್ಕೆ ಬೇರೆ ಪ್ಲೇಟು. ಡಿಸೈನರ್ ಲೋಗೋವನ್ನು ಒಂದು ಫೈಲಿನಿಂದ, ಬಾರ್ಡರನ್ನು ಹಳೇ ಕೋರೆಲ್‌ಡ್ರಾ ಫೈಲಿನಿಂದ ತಂದು ಅಂಟಿಸುತ್ತಾನೆ. ಪ್ರತಿಯೊಂದೂ ತನ್ನ ಹೆಸರನ್ನು ಹೊತ್ತುಕೊಂಡೇ ಬರುತ್ತದೆ. ಸಿವಿಸಿ ಎಂಬ ಬಾಲವಂತೂ ಹಳೆಯ ಸಾಫ್ಟ್‌ವೇರುಗಳ ಕಾಲದ್ದು, ಶಾಸನಲಿಪಿ ಬಲ್ಲವರು ಬೇಕು. ನಾಲ್ಕು ಬಣ್ಣದ ಮಷೀನಿಗೆ ಐದನೆಯ ಬಣ್ಣ ಬಂದರೆ ರೋಲರು ತೊಳೆದು, ಅಚ್ಚಾದ ಹಾಳೆಗಳನ್ನೇ ಮತ್ತೊಮ್ಮೆ ಓಡಿಸಬೇಕು. ಪರಿಹಾರ ಸುಲಭ: ಅಕ್ರೊಬ್ಯಾಟಿನ ಇಂಕ್ ಮ್ಯಾನೇಜರಿನಲ್ಲಿ ಐದೂ ಕೆಂಪನ್ನು ಒಂದೇ ಹೆಸರಿಗೆ ಜೋಡಿಸಿದರೆ ಮುಗಿಯಿತು. ಆದರೆ ಯಾವ ಹೆಸರು ನಿಜವಾದದ್ದು ಎಂಬುದನ್ನು ಗ್ರಾಹಕನೇ ಹೇಳಬೇಕು, ಗ್ರಾಹಕ ಡಿಸೈನರನ್ನು ಕೇಳಬೇಕು, ಡಿಸೈನರ್ ಊರಿಗೆ ಹೋಗಿರುತ್ತಾನೆ.

ಸಿ ಮತ್ತು ಯು ಬಗ್ಗೆ ಒಂದು ಮಾತು. ಎರಡೂ ಒಂದೇ ಶಾಯಿ. ನುಣುಪು ಲೇಪದ ಆರ್ಟ್ ಪೇಪರಿನ ಮೇಲೆ (ಸಿ) ಹೊಳೆಯುತ್ತದೆ, ಲೇಪವಿಲ್ಲದ ಮ್ಯಾಪ್‌ಲಿಥೋ ಕಾಗದ (ಯು) ಕುಡಿದು ಮಂಕಾಗಿಸುತ್ತದೆ. ಗ್ರಾಹಕ ಇವೆರಡನ್ನೂ ಬಿಟ್ಟು ಮೊಬೈಲಿನ ಪರದೆಗೆ ಹೋಲಿಸುತ್ತಾನೆ. ಪರದೆಯ ಬಣ್ಣ ಬೆಳಕಿನದು, ಕಾಗದದ್ದು ಶಾಯಿಯದು ಎಂದು ಎಷ್ಟು ಹೇಳಿದರೂ “ಬ್ರೈಟ್‌ನೆಸ್ ಹೆಚ್ಚಿಸಿ” ಎನ್ನುತ್ತಾನೆ.

ಬಿಳಿಯ ಮಾಯಾವಾದ ಇನ್ನೂ ಸೂಕ್ಷ್ಮ. ಓವರ್‌ಪ್ರಿಂಟ್ ಎಂದರೆ ಕೆಳಗಿನ ಬಣ್ಣವನ್ನು ಕೊರೆಯದೆ ಅದರ ಮೇಲೆಯೇ ಹೊಡೆಯುವುದು. ಕಪ್ಪಕ್ಷರಕ್ಕೆ ಇದು ಹಿತ. ಅದೇ ಅಕ್ಷರವನ್ನು ಆಮೇಲೆ ಬಿಳಿ ಮಾಡಿ ಓವರ್‌ಪ್ರಿಂಟ್ ತೆಗೆಯುವುದನ್ನು ಮರೆತರೆ? ಬಿಳಿಗೆ ಶಾಯಿಯಿಲ್ಲ, ಕೆಳಗೆ ಕೊರೆತವಿಲ್ಲ. ಪರದೆಯಲ್ಲಿ ಕಂಡ ಸ್ಥಳ, ಸಮಯ, ಫೋನ್ ನಂಬರು ಕಾಗದದಲ್ಲಿ ಮಾಯ. ಓವರ್‌ಪ್ರಿಂಟ್ ಪ್ರಿವ್ಯೂ ಹಾಕಿದರೆ ಪ್ಲೇಟಿಗೆ ಮೊದಲೇ ಗೊತ್ತಾಗುತ್ತದೆ. ಹಾಕದವರ ಕಾರ್ಯಕ್ರಮಕ್ಕೆ ಜನ ಬರುವುದಿಲ್ಲ.

ಕಿತ್ತಳೆಯ ವಿಷಯ ಚುಟುಕು. ಪ್ಯಾಂಟೋನ್ ಆರೆಂಜ್ 021 ನಾಲ್ಕು ಶಾಯಿಗಳಿಂದ ಹುಟ್ಟುವುದಿಲ್ಲ. ಹುಟ್ಟಿಸಿ ಎನ್ನುವವರಿಗೆ ಇಟ್ಟಿಗೆ ಬಣ್ಣ ಸಿಗುತ್ತದೆ.

2022ರ ಕೊನೆಯಲ್ಲಿ ಅಡೋಬಿಗೂ ಪ್ಯಾಂಟೋನಿಗೂ ಲೈಸೆನ್ಸಿನ ವಿಚಾರದಲ್ಲಿ ಸಂಬಂಧ ಕೆಟ್ಟು, ಎಷ್ಟೋ ಜನರ ಹಳೆಯ ಫೋಟೋಶಾಪ್ ಫೈಲುಗಳಲ್ಲಿ ಪ್ಯಾಂಟೋನ್ ಇದ್ದ ಕಡೆ ಕಪ್ಪು ಕಾಣಿಸಿತು. ಬಣ್ಣಕ್ಕೂ ತಿಂಗಳ ಬಾಡಿಗೆ ಕಟ್ಟಬೇಕಾದ ಕಾಲ ಬಂದದ್ದು ಹೀಗೆ. ವಾಟ್ಸಾಪಿನಲ್ಲಿ ಬಂದ ಜೆಪಿಜಿ ಲೋಗೋಗೆ ಸ್ಪಾಟ್ ಕಲರ್ ಕೇಳುವವರ ವಿಚಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಅದು ವೈದ್ಯಶಾಸ್ತ್ರದ್ದು, ರಕ್ತದೊತ್ತಡದ ಅಧ್ಯಾಯ.

ಘಾಜಿಯಾಬಾದಿನಲ್ಲಿ ಶೇಡಿನ ತಕರಾರಿಲ್ಲದೆ ಬಳಕೆಯಾದ ಸ್ಪಾಟ್ ಕಲರ್ ಈ ಪಂಡಿತನಿಗೆ ತಿಳಿದಂತೆ ಒಂದೇ: 2024ರ ಏಪ್ರಿಲ್ 26ರಂದು ಮತದಾರರ ಎಡಗೈ ತೋರುಬೆರಳಿಗೆ ಹಚ್ಚಿದ ಶಾಯಿ. 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯ ಸರಕು ಅದು, 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಒಂದೇ ಬಣ್ಣ, ಒಂದೇ ಡಬ್ಬ, ಪ್ರೂಫ್ ಇಲ್ಲ. ಅದಕ್ಕೆ ಫೈಲು ಕಳಿಸುವ ಗ್ರಾಹಕನೂ ಇಲ್ಲ.