ಅದಕ್ಕೊಂದು ಸೈಟ್ ಉಂಟು ಮಾರಾಯ್ರೆ!

ಗುರುವಾಯನಕೆರೆಯಿಂದ ನಾರಾವಿಗೆ ಹೋಗುವ ದಾರಿಯಲ್ಲಿ ಸಿಗುವ ಅಳದಂಗಡಿಯಂಥ ಪೇಟೆಗಳಲ್ಲಿ ಹಿಂದೆ ಒಂದೊಂದು ಸಂಶಯಕ್ಕೆ ಒಬ್ಬೊಬ್ಬ ಬಲ್ಲವರಿದ್ದರು. ಜಾಗದ ತಕರಾರಿಗೆ ಪಟೇಲರು, ಮಳೆ ನಕ್ಷತ್ರಕ್ಕೆ ಪಂಚಾಂಗ ನೋಡುವ ಭಟ್ಟರು, ಗಿಡಮೂಲಿಕೆಗೆ ನಾಟಿವೈದ್ಯರು, ಬೊಂಬಾಯಿಯ ಸಮಾಚಾರಕ್ಕೆ ಪೋಸ್ಟ್‌ಮ್ಯಾನ್. ಈಗ ಈ ನಾಲ್ಕೂ ಖಾತೆಗಳನ್ನು ಯಾರೂ ಕೊಡದೆಯೇ ಒಬ್ಬನೇ ವಹಿಸಿಕೊಂಡಿದ್ದಾನೆ. ಅವನನ್ನು ಲಿಂಕಣ್ಣ ಎನ್ನೋಣ. ಅವನು ಅಳದಂಗಡಿಯವನೇ ಆಗಬೇಕೆಂದಿಲ್ಲ. ವೇಣೂರಿಗೂ ಮೂಡುಬಿದಿರೆಗೂ ಬಂಟ್ವಾಳಕ್ಕೂ ತಲಾ ಒಬ್ಬ ಮಂಜೂರಾಗಿದ್ದಾನೆ. ಅವನೆದುರು ಪ್ರಶ್ನೆಯನ್ನು ಪೂರ್ತಿ ಕೇಳುವ ಶ್ರಮವಿಲ್ಲ. “ತೋಟಕ್ಕೆ ಒಂದು ಹಕ್ಕಿ ಬಂದು...” ಎನ್ನುವಷ್ಟರಲ್ಲಿ “ಅದಕ್ಕೊಂದು ಸೈಟ್ ಉಂಟು ಮಾರಾಯ್ರೆ” ಎಂಬ ಉತ್ತರ ಬರುತ್ತದೆ, ಅದರ ಬೆನ್ನಿಗೇ ನಿಮ್ಮ ಕಿಸೆಯಲ್ಲೊಂದು ಸದ್ದು. ಬಾಳೆಗೊನೆ ಹೋಯಿತೆಂದು ಗೋಳು ಹೇಳಲು ಹೊರಟವರ ಕೈಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್ ಬಂದಿರುತ್ತದೆ. ಅದಕ್ಕೆ ಕೂಗು ಕೇಳಿಸಿದರೆ ಸಾಕು, ಹಕ್ಕಿಯ ಹೆಸರು ಹೇಳುತ್ತದೆ. ಕಳ್ಳನ ಹೆಸರು ವೈಜ್ಞಾನಿಕವಾಗಿ ಸಿಕ್ಕಿತು. ಗೊನೆ ಹೋದದ್ದು ಹೋಯಿತು.

ಲಿಂಕಣ್ಣನನ್ನು ಗುರುತಿಸುವುದು ಕಷ್ಟವಲ್ಲ. ಅವನ ಫೋನಿನಲ್ಲಿ ಜಾಗ ಇರುವುದಿಲ್ಲ, ಬ್ಯಾಟರಿ ಇರುವುದಿಲ್ಲ. ಚಾರ್ಜರ್ ಮಾತ್ರ ಸದಾ ಕಿಸೆಯಲ್ಲಿರುತ್ತದೆ. ಹಾಲಿನ ಸೊಸೈಟಿ, ಯುವಕ ಮಂಡಲ, ಬ್ರಹ್ಮಕಲಶ ಸಮಿತಿ, ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು, ಹೀಗೆ ಎಲ್ಲ ಗ್ರೂಪಿನಲ್ಲೂ ಅವನಿದ್ದಾನೆ. ಕೆಲವದರಲ್ಲಿ ಎರಡು ನಂಬರಿನಿಂದ. ಕಳಿಸಿದ್ದನ್ನು ನೀವು ತೆರೆದಿರೋ ಇಲ್ಲವೋ ಎಂಬ ಪರೀಕ್ಷೆ ಮರುದಿನ ಹೋಟೆಲಿನಲ್ಲಿ ಗೋಳಿಬಜೆಯ ತಟ್ಟೆಯೆದುರು ನಡೆಯುತ್ತದೆ. “ನೋಡಿದೆ, ಒಳ್ಳೆದುಂಟು” ಎಂದು ಪಾರಾಗುವಂತಿಲ್ಲ, “ಕೆಳಗೆ ಇನ್ನೊಂದು ಬಟನ್ ಇತ್ತಲ್ಲ, ಒತ್ತಿದ್ರಾ?” ಎಂಬ ಉಪಪ್ರಶ್ನೆ ಕಾದಿರುತ್ತದೆ. ಅದಕ್ಕಿಂತ ದೊಡ್ಡ ಅಪರಾಧವೆಂದರೆ “ಅದು ನನಗೆ ಮೊದಲೇ ಗೊತ್ತಿತ್ತು” ಎನ್ನುವುದು. ಹಾಗೆಂದವರ ಜೊತೆ ಅವನು ಒಂದು ವಾರ ಮಾತಾಡುವುದಿಲ್ಲ. ಲಿಂಕನ್ನು ಮಾತ್ರ ಎಂದಿನಂತೆ ಕಳಿಸುತ್ತಾನೆ. ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲಿ ಕೂತಾಗಲೂ ಪಕ್ಕದ ಎಲೆಯವರಿಗೆ, ಮರಣದ ಸರ್ಟಿಫಿಕೇಟಿಗೆ ‘ಇ-ಜನ್ಮ’ ಎಂಬ ಸೈಟ್ ಉಂಟೆಂದು ತಗ್ಗಿದ ದನಿಯಲ್ಲಿ ತಿಳಿಸುತ್ತಾನೆ. ಸತ್ತವರ ದಾಖಲೆಯನ್ನು ಸರ್ಕಾರ ಇ-ಜನ್ಮದಲ್ಲಿಟ್ಟದ್ದು ಅವನ ತಪ್ಪಲ್ಲ.

ಇಷ್ಟು ಹೇಳಿ ನಕ್ಕು ಮುಗಿಸಬಹುದಿತ್ತು. ಆದರೆ ನಗುವ ನಾವೆಲ್ಲ ಒಂದಲ್ಲ ಒಂದು ದಿನ ಅವನನ್ನೇ ಹುಡುಕಿಕೊಂಡು ಹೋದವರು. ಹುಡುಕುವುದಕ್ಕೆ ಗೂಗಲ್ ಇರುವಾಗ ಲಿಂಕಣ್ಣ ಏಕೆ ಎಂಬುದು ಮೊದಲ ಆಕ್ಷೇಪ. ಉತ್ತರ ಸರಳ: ಒಂದು ವಸ್ತು ಇದೆಯೆಂದು ಗೊತ್ತಿದ್ದವನು ಮಾತ್ರ ಅದನ್ನು ಹುಡುಕಬಲ್ಲ. ನಮ್ಮ ರಾಜ್ಯದ ಉಪಯುಕ್ತ ಸೈಟುಗಳ ಹೆಸರುಗಳನ್ನೇ ನೋಡಿ. ಜಾಗದ ಮೇಲೆ ಸಾಲ, ಮಾರಾಟ ಏನಿದೆಯೆಂದು ತಿಳಿಸುವ ಋಣಭಾರ ಪತ್ರ ‘ಕಾವೇರಿ’ಯಲ್ಲಿ ಸಿಗುತ್ತದೆ, ಬರೀ ಕಾವೇರಿ ಎಂದು ಹುಡುಕಿದವನಿಗೆ ತಮಿಳುನಾಡಿನ ಜೊತೆಗಿನ ಜಗಳ ಸಿಗುತ್ತದೆ. ಆರ್‌ಟಿಸಿ ‘ಭೂಮಿ’ಯಲ್ಲಿದೆ, ಅಳತೆಯ ಅರ್ಜಿ ‘ಮೋಜಿಣಿ’ಯಲ್ಲಿದೆ. ನಿಂತ ನೆಲದ ಸರ್ವೆ ನಂಬರನ್ನು ಫೋನಿನ ಪರದೆಯಲ್ಲೇ ತೋರಿಸುವ ಆ್ಯಪಿಗೆ ‘ದಿಶಾಂಕ್’ ಎಂದು ಹೆಸರು. ಕುಮ್ಕಿ ಜಾಗ ಯಾವುದು, ವರ್ಗ ಜಾಗ ಯಾವುದು ಎಂದು ತಲೆಮಾರುಗಟ್ಟಲೆ ವಾದ ಮಾಡುವ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಬೇಕಾದ ಸಾಧನ ಮತ್ತೊಂದಿಲ್ಲ. ಹಾಗಿದ್ದರೂ ‘ದಿಶಾಂಕ್’ ಎಂದು ತಾನಾಗಿ ಟೈಪ್ ಮಾಡುವ ಪ್ರೇರಣೆ ಯಾವ ಕೃಷಿಕನಿಗೂ ಕನಸಿನಲ್ಲಿ ಆಗುವುದಿಲ್ಲ. ಯಾರೋ ಹೇಳಬೇಕು. ಹೇಳುವವನು ಲಿಂಕಣ್ಣ. ಗಡಿಯ ತೀರ್ಮಾನಕ್ಕೆ ಮಾತ್ರ ಸರ್ವೆಯರೇ ಬರಬೇಕು ಎಂಬ ಮಾತನ್ನು ಅವನು ಸೇರಿಸುವುದಿಲ್ಲ. ಅದರಿಂದ ಬೇಲಿಯ ಎರಡೂ ಬದಿಯವರು ಕೈಯಲ್ಲಿ ಫೋನು ಹಿಡಿದು ಹೊಸ ಹುರುಪಿನಿಂದ ಜಗಳವಾಡುತ್ತಾರೆ.

ಉಪಯೋಗದ ಮಾತು ಹಾಗಿರಲಿ, ಮನರಂಜನೆಯಲ್ಲಂತೂ ಅವನ ಸೇವೆ ಇನ್ನೂ ದೊಡ್ಡದು. ಹೆಚ್ಚಿನವರ ಇಂಟರ್‌ನೆಟ್ ಎಂದರೆ ನಾಲ್ಕು ಆ್ಯಪು. ಅವು ಉಣಿಸಿದ್ದನ್ನು ಉಣ್ಣುವುದಷ್ಟೆ ನಮ್ಮ ಕೆಲಸ. ಅದರಾಚೆಗೂ ಪ್ರಪಂಚ ಉಂಟೆಂದು ತೋರಿಸುವವನು ಇವನೊಬ್ಬನೇ. ಮಗ ದುಬೈ ವಿಮಾನ ಹತ್ತಿದ ರಾತ್ರಿ, ಆ ವಿಮಾನ ಅರಬ್ಬೀ ಸಮುದ್ರದ ಮೇಲೆ ಎಲ್ಲಿದೆಯೆಂದು ಫ್ಲೈಟ್‌ರಾಡಾರ್24ರಲ್ಲಿ ತಾಯಿಗೆ ತೋರಿಸಿಕೊಟ್ಟವನು ಅವನು. ಭೂಗೋಳವನ್ನು ಬೆರಳಿನಿಂದ ತಿರುಗಿಸಿ ದೂರದೂರದ ಊರುಗಳ ರೇಡಿಯೋ ಕೇಳಬಹುದಾದ, 2016ರಲ್ಲಿ ಆರಂಭವಾದ ರೇಡಿಯೋ ಗಾರ್ಡನ್ ನಿವೃತ್ತ ಮೇಷ್ಟ್ರ ಕೈಗೆ ಬಂದದ್ದೂ ಅವನಿಂದ. ಅವನು ದಾಟಿಸಿದ್ದರಲ್ಲಿ ಕನ್ನಡ, ತುಳುವಿನ ಸೈಟುಗಳೂ ಇವೆ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಕೂತು ಮಾಡಿದ, ಒಂದೂವರೆ ಲಕ್ಷಕ್ಕೂ ಮಿಕ್ಕಿದ ನಮೂದುಗಳ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಪುಕ್ಕಟೆ ತೆರೆದಿದೆ. ‘ವಚನ ಸಂಚಯ’ದಲ್ಲಿ ಒಂದು ಪದ ಕೊಟ್ಟರೆ ಅದು ಬಂದ ವಚನಗಳೆಲ್ಲ ಸಾಲಾಗಿ ನಿಲ್ಲುತ್ತವೆ. 2008ರಿಂದ ಕಾವಿಗೆ ಕೂತಿದ್ದ ತುಳು ವಿಕಿಪೀಡಿಯ 2016ರಲ್ಲಿ ಹೊರಬಂತು. ಇವುಗಳಿಗೆ ಟಿ.ವಿ.ಯಲ್ಲಿ ಜಾಹೀರಾತಿಲ್ಲ, ಸಿನಿಮಾ ನಟರ ಶಿಫಾರಸಿಲ್ಲ. ದುಡ್ಡು ಮಾಡದ ಒಳ್ಳೆಯ ಸೈಟಿಗೆ ಪ್ರಚಾರಕ ಎಂದರೆ ಲಿಂಕಣ್ಣನೇ, ಸಂಬಳವಿಲ್ಲದೆ, ಬಸ್‌ಸ್ಟ್ಯಾಂಡಿನಲ್ಲಿ ನಿಂತು. ಅತ್ಯುತ್ಸಾಹ ಮಾತ್ರ ಬಿಡುವುದಿಲ್ಲ: 2024ರಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿದ ಮೇಲೆ, ಹುಟ್ಟಿದಂದಿನಿಂದ ತುಳುವನ್ನೇ ಆಡಿದ ತಾಯಿಯ ಮಾತನ್ನು ಫೋನಿಗೆ ಕೊಟ್ಟು, ಅವರು ಹೇಳಿದ್ದು ಸರಿಯೋ ಎಂದು ನೋಡುತ್ತಾನೆ.

ಹಾಗಾದರೆ ಅವನಲ್ಲಿ ದೋಷವೇ ಇಲ್ಲವೆ? ಇದೆ, ಅದೂ ಮಳೆಗಾಲದಲ್ಲಿ ಚೆನ್ನಾಗಿ ಕಾಣುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವೇ ಮದ್ದೆಂದು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ತೋರಿಸಿಕೊಟ್ಟರು. ಇಂದಿಗೂ ಅದೇ ಮದ್ದು. ಬೇಕಾದದ್ದು ಮಳೆ ಬಿಟ್ಟ ಕೆಲವು ಗಂಟೆ, ಮತ್ತು ಮದ್ದು ಬಿಡಲು ಮರ ಹತ್ತುವವರು. ಎರಡೂ ಒಟ್ಟಿಗೆ ಸಿಗುವುದು ಯೋಗ. ಲಿಂಕಣ್ಣ ವಿಂಡಿ ಎಂಬ ಹವಾಮಾನದ ಸೈಟಿನಲ್ಲಿ ಗಾಳಿಯ ಗೆರೆ ನೋಡುತ್ತಾನೆ, ಇನ್ನೆರಡು ಕಡೆ ತಾಳೆ ನೋಡುತ್ತಾನೆ, ಮಧ್ಯಾಹ್ನಕ್ಕೆ ಮಳೆಯ ಒಂದು ನೀಲಿ ಚುಕ್ಕೆ ಕಂಡಿತೆಂದು, ಮದ್ದು ಬಿಡಲು ಬಂದವರನ್ನು ವಾಪಸ್ ಕಳಿಸುತ್ತಾನೆ. ಅವನದೇ ಲಿಂಕು ನೋಡಿದ ಪಕ್ಕದ ತೋಟದವರು, ಒಮ್ಮೆ ಕುದುರೆಮುಖದ ಕಡೆಯ ಬಾನನ್ನೂ ನೋಡಿ, ಸಂಜೆಯೊಳಗೆ ಮದ್ದು ಮುಗಿಸಿರುತ್ತಾರೆ. ದೀಪದ ಬುಡ ಕತ್ತಲೆ ಎಂಬ ಗಾದೆಯನ್ನು ಅವನ ತೋಟದಲ್ಲಿ ಕಣ್ಣಾರೆ ನೋಡಬಹುದು. ಹೊಸ ಸೈಟು ಸಿಕ್ಕಿತೆಂಬ ಸಂತೋಷದಲ್ಲೇ ಅವನ ಹೊಟ್ಟೆ ತುಂಬುವುದರಿಂದ ಅದನ್ನು ಬಳಸುವಷ್ಟು ಹಸಿವು ಉಳಿಯುವುದಿಲ್ಲ. ಆದರೆ ಗಮನಿಸಿ, ನಷ್ಟ ಅವನದು, ಲಾಭ ಊರಿನದು. ಸಮಾಜಸೇವೆಯ ವ್ಯಾಖ್ಯೆಯೂ ಹೆಚ್ಚುಕಡಿಮೆ ಅದೇ ಅಲ್ಲವೆ?

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. ಅವನು ಕಳಿಸಿದ ಹತ್ತು ಲಿಂಕಿನಲ್ಲಿ ಒಂದು ಮೋಸದ್ದಾದರೆ? ವಿದ್ಯುತ್ ಬಿಲ್ಲಿನ ಹೆಸರಲ್ಲಿ, ಪಿಂಚಣಿಯ ಹೆಸರಲ್ಲಿ, ಬಹುಮಾನದ ಹೆಸರಲ್ಲಿ ನಕಲಿ ಸೈಟುಗಳು ಹುಟ್ಟುತ್ತಲೇ ಇವೆ. ದುಡ್ಡು ಕಳಕೊಂಡವರಿಗಾಗಿ 1930 ಎಂಬ ಸಹಾಯವಾಣಿಯನ್ನೇ ಸರ್ಕಾರ ತೆರೆಯಬೇಕಾಯಿತು. ವಿಚಾರಿಸದೆ ದಾಟಿಸುವ ಚಾಳಿಯ ಲಿಂಕಣ್ಣ ಈ ಜಾಲಕ್ಕೆ ಹೇಳಿಮಾಡಿಸಿದ ಕೊಂಡಿ, ಒಪ್ಪತಕ್ಕ ಮಾತು. ಆದರೆ ಇದಕ್ಕೆ ಔಷಧಿ ಅವನ ಬಾಯಿ ಮುಚ್ಚಿಸುವುದಲ್ಲ, ಅವನಿಗೆ ಒಂದು ಶಿಸ್ತು ಕಲಿಸುವುದು. ವಿಳಾಸ gov.in ಎಂದು ಮುಗಿಯದ ಸೈಟನ್ನು ಸರ್ಕಾರದ್ದೆಂದು ನಂಬಿ ಹಂಚಬಾರದು. ಯಾರದೆಂದು ತಿಳಿಯದ ಸೈಟು ಒಟಿಪಿ ಕೇಳಿದರೆ ಅದನ್ನು, ಆ್ಯಪ್ ಸ್ಟೋರಿನ ಹೊರಗಿಂದ ಇಳಿಸಿಕೊಳ್ಳಲು ಹೇಳುವುದನ್ನು ಮುಟ್ಟಬಾರದು. ಮುಖಪರಿಚಯವಿರುವವನು ತಪ್ಪು ಲಿಂಕು ಕೊಟ್ಟರೆ ಮರುದಿನ ಪೇಟೆಯಲ್ಲಿ ಹಿಡಿದು ಕೇಳಬಹುದು. ಜಾಹೀರಾತಿನ ಮೂಲಕ ಬಂದ ಮೋಸವನ್ನು ಯಾರ ಅಂಗಡಿಯೆದುರು ನಿಂತು ಕೇಳುವುದು?

ಇನ್ನು ಮೂರನೆಯ ಆಕ್ಷೇಪ: ಕೃತಕ ಬುದ್ಧಿಮತ್ತೆ ಬಂದಿದೆ, ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಡುತ್ತದೆ, ಲಿಂಕಣ್ಣನ ಕಾಲ ಮುಗಿಯಿತು. ಅವಸರ ಬೇಡ. 1994ರಲ್ಲಿ ಇಬ್ಬರು ವಿದ್ಯಾರ್ಥಿಗಳು ತಮಗೆ ಮೆಚ್ಚಿಗೆಯಾದ ಸೈಟುಗಳ ಪಟ್ಟಿ ಮಾಡಿಟ್ಟದ್ದೇ ಮುಂದೆ ಯಾಹೂ ಆಯಿತು. ಅಂದರೆ ಕ್ಯಾಲಿಫೋರ್ನಿಯದ ಸಾಮ್ರಾಜ್ಯವೊಂದನ್ನು ಕಟ್ಟಿದ್ದೂ ಇಬ್ಬರು ಲಿಂಕಣ್ಣಂದಿರೇ. ಗುಂಡಿ ಒತ್ತಿದರೆ ಹೊಸ ಸೈಟು ತೋರಿಸುತ್ತಿದ್ದ ಸ್ಟಂಬಲ್‌ಅಪಾನ್ 2018ರಲ್ಲಿ ಬಾಗಿಲು ಹಾಕಿತು. ಯಂತ್ರಗಳು ಬಂದವು, ಹೋದವು. ಒಬ್ಬರು ಇನ್ನೊಬ್ಬರಿಗೆ ಹೇಳುವ ಪದ್ಧತಿ ಹೋಗಲಿಲ್ಲ. ಕೃತಕ ಬುದ್ಧಿಮತ್ತೆ ಕೇಳಿದವನಿಗೆ ಉತ್ತರಿಸುತ್ತದೆ. ಕೇಳಲು ತಿಳಿಯದೆ ಕೂತವನ ಬಳಿಗೆ ಚಾ ಗ್ಲಾಸು ಹಿಡಿದು ತಾನಾಗಿ ಹೋಗುವುದಿಲ್ಲ. ನಿಮ್ಮ ಮಗಳು ಪಿಯುಸಿ ಮುಗಿಸಿದ್ದಾಳೆ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಹತ್ತಿರ ಬಂತು ಎಂಬ ಎರಡು ಸಂಗತಿಗಳನ್ನು ಜೋಡಿಸುವುದು ಪರಿಚಯಸ್ಥನ ಕೆಲಸ. ಆರ್‌ಟಿಸಿಯ ವಿಷಯದಲ್ಲಿ ಯಂತ್ರ ಎಷ್ಟು ಚೆಂದ ವಿವರಿಸಿದರೂ ತಾಲೂಕು ಕಚೇರಿಯವರು ನೋಡುವುದು ‘ಭೂಮಿ’ಯಿಂದ ಬಂದ ಪ್ರತಿಯನ್ನೇ.

ಆದ್ದರಿಂದ ತೀರ್ಪು ಹೀಗೆ: ಲಿಂಕಣ್ಣ ಕಿರಿಕಿರಿಯ ಮನುಷ್ಯ, ಆದರೆ ಊರಿಗೆ ಬೇಕಾದವನು. ಅವನನ್ನು ಗ್ರೂಪಿನಲ್ಲಿ ಮ್ಯೂಟ್ ಮಾಡುವುದಕ್ಕಿಂತ ಪಂಚಾಯತ್ ಗ್ರಂಥಾಲಯದಲ್ಲಿ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ, ತಿಂಗಳಿಗೊಂದು ಮಧ್ಯಾಹ್ನ ಕೂರಿಸುವುದು ಲೇಸು. ತಾನೇ ಬಳಸಿ ನೋಡಿದ ಹತ್ತು ಸೈಟುಗಳ ವಿಳಾಸವನ್ನೂ, ಯಾವುದರಿಂದ ಏನು ಕೆಲಸ ಆಗುತ್ತದೆ ಎಂಬುದನ್ನೂ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಹತ್ತೇ ಸಾಕು, ಹನ್ನೊಂದನೆಯದನ್ನು ಸೇರಿಸಬೇಕಾದರೆ ಹಳೆಯದೊಂದನ್ನು ಅಳಿಸಲಿ. ಓದುಗರಿಗೂ ಒಂದು ಮಾತು: ಅವನು ಮುಂದಿನ ಲಿಂಕು ಕಳಿಸಿದಾಗ ಹೆಬ್ಬೆರಳಿನ ಚಿತ್ರ ಒತ್ತಿ ಕೈತೊಳೆದುಕೊಳ್ಳಬೇಡಿ. “ನೀವು ಬಳಸಿದ್ದೀರಾ? ಇದು ಯಾರ ಸೈಟು?” ಎಂಬ ಎರಡು ಪ್ರಶ್ನೆ ಕೇಳಿ. ಎರಡಕ್ಕೂ ಉತ್ತರ ಬಂದರೆ ತೆರೆಯಿರಿ.